ಜ್ವರಕ್ಕೆ ಕೂತ ಹುಳುವಿನ ತಲೆಯೊಳಗೆ

ಈ ಸಲದ ಟಿಪ್ಪಣಿ ಸ್ವಲ್ಪ ಉದ್ದ ಇದೆ. ಸಂಜೆ ಸೊಪ್ಪು ಹಾಕಿ, ಕೈಕಾಲು ತೊಳೆದು ಕೂತ ಮೇಲೆ ಓದಿ. ಇದು ರೇಷ್ಮೆ ಮಾಡೋರಿಗೆ ಮಾತ್ರ ಅಲ್ಲ. ಪಕ್ಕದ ಹೊಲದಲ್ಲಿ ಟೊಮೆಟೊ, ಬದನೆ, ಕೋಸು ಇಟ್ಟಿರೋರಿಗೂ ಬರೆದದ್ದು. ಅವರು ಮೊದಲ ಭಾಗ ಬಿಟ್ಟರೂ ಪರವಾಗಿಲ್ಲ, ಕೊನೆಯ ಭಾಗ ಬಿಡಬಾರದು ಅಂತ ಕೇಳಿಕೊಳ್ತೀನಿ.

ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುತ್ತಿದ್ದಾಗ ಹೊಸದಾಗಿ ಹುಳು ಮನೆ ಕಟ್ಟಿಸಿರೋ ಹುಡುಗನೊಬ್ಬ ಕೇಳಿದ. "ಅಣ್ಣ, ಜ್ವರಕ್ಕೆ ಕೂತಾಗ ಸೊಪ್ಪು ಹಾಕಬೇಡ ಅಂತೀರಿ, ಎದ್ದ ಮೇಲೂ ತಡ ಮಾಡಿ ಹಾಕು ಅಂತೀರಿ. ಅಷ್ಟು ಸಾವಿರ ಹುಳು ಒಂದೇ ಸಲ ಕೂರಬೇಕು, ಒಂದೇ ಸಲ ಏಳಬೇಕು ಅಂತ ಅವಕ್ಕೆ ಯಾರು ಹೇಳಿಕೊಡ್ತಾರೆ?" ಪ್ರಶ್ನೆ ಸಣ್ಣದು, ಉತ್ತರ ಸಣ್ಣದಲ್ಲ. ಹೇಳಿಕೊಡೋದು ಹುಳುವಿನ ಮಿದುಳು. ಸಾಸಿವೆ ಕಾಳಿಗಿಂತ ಚಿಕ್ಕದಾದ ಆ ಮಿದುಳಿನಿಂದ ರಕ್ತಕ್ಕೆ ಇಳಿಯೋ ಹಾರ್ಮೋನುಗಳೇ ನಮ್ಮ ಬ್ಯಾಚಿನ ದಿನಚರಿಯನ್ನು ಬರೆಯೋದು. ಇವಕ್ಕೆ ನ್ಯೂರೋಪೆಪ್ಟೈಡ್ ಅಂತ ಹೆಸರು. ನರಕೋಶದಲ್ಲಿ ತಯಾರಾಗೋ ಪ್ರೋಟೀನಿನ ಸಣ್ಣ ತುಂಡುಗಳು. ನಾನು ಇವನ್ನ ಮಿದುಳಿನ ಚೀಟಿ ಅಂತ ಕರೀತೀನಿ. ಚೀಟಿಯಲ್ಲಿ ಒಂದೇ ಸಾಲು ಇರುತ್ತೆ, ಯಾರಿಗೆ ಬರೆದದ್ದೋ ಅವರು ಮಾತ್ರ ಓದಬಲ್ಲರು, ಓದಿದ ಮೇಲೆ ಕೆಲಸ ಶುರು.

ನಾವು "ಜ್ವರ" ಅನ್ನೋದು ನಿಜವಾಗಿ ಜ್ವರ ಅಲ್ಲ ಅಂತ ನಿಮಗೆಲ್ಲ ಗೊತ್ತು. ಹುಳು ತಿನ್ನೋದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಒಂದು ದಿನದಷ್ಟು ಕೂರುತ್ತೆ. ನೋಡಿದರೆ ಕಾಯಿಲೆ ಬಿದ್ದ ಮಗು ಹಂಗೆ ಕಾಣುತ್ತೆ, ಅದಕ್ಕೇ ಹಿರಿಯರು ಆ ಹೆಸರಿಟ್ಟರು. ಒಳಗೆ ನಡೆಯೋದು ಮಾತ್ರ ವಿಶ್ರಾಂತಿ ಅಲ್ಲ, ಹುಳುವಿನ ಬದುಕಿನಲ್ಲೇ ಅತಿ ಹೆಚ್ಚು ಕೆಲಸ ಇರೋ ಹೊತ್ತು. ಹಳೇ ಚರ್ಮ ಬಿಡಿಸಿಕೊಂಡು, ಅದರ ಕೆಳಗೆ ಹೊಸ ಚರ್ಮ, ಹೊಸ ತಲೆ, ಹೊಸ ದವಡೆ ಕಟ್ಟಿಕೊಳ್ಳುತ್ತೆ. ಮೊಟ್ಟೆ ಒಡೆದು ಬಂದ ಮರಿ ಹಣ್ಣು ಹುಳು ಆಗೋವಷ್ಟರಲ್ಲಿ ತೂಕ ಸುಮಾರು 10,000 ಪಟ್ಟು ಹೆಚ್ಚುತ್ತೆ. ಅಷ್ಟು ಬೆಳೆಯೋಕೆ ಒಂದೇ ಅಂಗಿ ಸಾಲಲ್ಲ. ನಾಲ್ಕು ಜ್ವರ ಅಂದ್ರೆ ನಾಲ್ಕು ಸಲ ಅಂಗಿ ಬದಲಾವಣೆ.

ಇದನ್ನ ನಡೆಸೋದು ಮಿದುಳು ಅಂತ ಮೊದಲು ತೋರಿಸಿಕೊಟ್ಟವನು ಪೋಲೆಂಡಿನ ಸ್ಟೆಫಾನ್ ಕೊಪೆಚ್. 1917ರಲ್ಲಿ ಮತ್ತು 1922ರಲ್ಲಿ ಅವನ ಬರಹಗಳು ಅಚ್ಚಾದವು. ಅವನ ಹತ್ತಿರ ಇದ್ದದ್ದು ಮರದ ಎಲೆ ತಿನ್ನೋ ಒಂದು ಕಂಬಳಿಹುಳ ಮತ್ತು ದಾರ. ಕೊನೆ ಹಂತದ ಹುಳುವಿನ ನಡುವಿಗೆ ದಾರ ಬಿಗಿದು ರಕ್ತ ಆಚೆ ಈಚೆ ಹೋಗದ ಹಾಗೆ ಮಾಡಿದ. ಬೇಗ ಬಿಗಿದರೆ ಮುಂದಿನ ಅರ್ಧ ಕೋಶ ಆಯ್ತು, ಹಿಂದಿನ ಅರ್ಧ ಹುಳುವಾಗೇ ಉಳಿಯಿತು. ಒಂದು ಗೊತ್ತಾದ ದಿನ ಕಳೆದ ಮೇಲೆ ಬಿಗಿದರೆ ಎರಡೂ ಅರ್ಧ ಕೋಶ ಆದವು. ಮಿದುಳನ್ನೇ ತೆಗೆದು ನೋಡಿದ. ಬೇಗ ತೆಗೆದರೆ ಹುಳು ಕೋಶ ಆಗಲ್ಲ, ತಡವಾಗಿ ತೆಗೆದರೆ ಆಗುತ್ತೆ. ನರದ ಹುರಿ ಕತ್ತರಿಸಿದರೆ ಏನೂ ವ್ಯತ್ಯಾಸ ಇಲ್ಲ. ಅಂದ್ರೆ ಮಿದುಳು ನರದ ಮೂಲಕ ಹೇಳ್ತಿಲ್ಲ, ರಕ್ತಕ್ಕೆ ಏನೋ ಬಿಡ್ತಿದೆ. ಮಿದುಳಿನಿಂದ ಹಾರ್ಮೋನು ಬರುತ್ತೆ ಅನ್ನೋ ಮಾತು ಮೊದಲು ಗಟ್ಟಿಯಾಗಿದ್ದು ಯಾವ ದೊಡ್ಡ ಪ್ರಾಣಿಯಲ್ಲೂ ಅಲ್ಲ, ಒಂದು ಕಂಬಳಿಹುಳದಲ್ಲಿ.

ಆ "ಏನೋ" ಯಾವುದು ಅಂತ ಹಿಡಿಯೋಕೆ ಇನ್ನೂ ಅರವತ್ತು ವರ್ಷಕ್ಕಿಂತ ಹೆಚ್ಚು ಬೇಕಾಯ್ತು. ಹಿಡಿದದ್ದು ನಮ್ಮ ರೇಷ್ಮೆ ಹುಳುವಿನಲ್ಲೇ, ಜಪಾನಿನಲ್ಲಿ. ಅದರ ಹೆಸರು ಪಿಟಿಟಿಎಚ್. ಇಷಿಝಾಕಿ ಮತ್ತು ಸುಝುಕಿ ಅನ್ನೋ ಇಬ್ಬರ ತಂಡ ಲಕ್ಷಾಂತರ ಚಿಟ್ಟೆಗಳ ತಲೆ ಕೂಡಿಹಾಕಿ, ಅರೆದು, ಸೋಸಿ ಇದನ್ನ ಬೇರೆ ಮಾಡಿತು. ಹುಡುಕುವಾಗ ದಾರಿಯಲ್ಲಿ ಇನ್ನೊಂದು ಸಿಕ್ಕಿತು. ಪರೀಕ್ಷೆಗೆ ಅವರು ಮಿದುಳು ತೆಗೆದ ಎರಿ ಹುಳುವಿನ ಕೋಶ ಬಳಸುತ್ತಿದ್ದರು. ಒಂದು ವಸ್ತು ಎರಿ ಕೋಶವನ್ನು ಎಬ್ಬಿಸುತ್ತಿತ್ತು, ಆದರೆ ರೇಷ್ಮೆ ಹುಳುವಿನ ಕೋಶದಲ್ಲಿ ಆ ಕೆಲಸ ಮಾಡುತ್ತಿರಲಿಲ್ಲ. 1984ರಲ್ಲಿ ಅದರ ರಚನೆ ಓದಿದಾಗ ಅದು ನಮ್ಮ ಮೈಯ ಇನ್ಸುಲಿನ್‌ಗೆ ನೆಂಟ ಅಂತ ಗೊತ್ತಾಯ್ತು. ಬಾಂಬಿಕ್ಸಿನ್ ಅಂತ ಹೆಸರಿಟ್ಟರು. ಹುಳು ಚೆನ್ನಾಗಿ ಮೇದು ರಕ್ತಕ್ಕೆ ಸಕ್ಕರೆ ಬಂದಾಗ ಮಿದುಳು ಇದನ್ನ ಬಿಡುತ್ತೆ. ಹೊಟ್ಟೆ ತುಂಬಿದೆ, ಬೆಳೆಯಬಹುದು ಅನ್ನೋ ಸುದ್ದಿ ಇದು.

ಈಗ ಜ್ವರದ ಸರಪಳಿ ನೋಡಿ. ಮಿದುಳಿನಲ್ಲಿ ಪಿಟಿಟಿಎಚ್ ತಯಾರಿಸೋ ಕೋಶ ಎಷ್ಟು ಗೊತ್ತಾ? ಎಡಕ್ಕೆ ಎರಡು, ಬಲಕ್ಕೆ ಎರಡು, ಒಟ್ಟು ನಾಲ್ಕು. ಆ ನಾಲ್ಕು ಕೋಶಗಳಿಂದ ಹೊರಟ ಚೀಟಿ ರಕ್ತದಲ್ಲಿ ತೇಲಿ, ಎದೆಯ ಮೊದಲ ಭಾಗದಲ್ಲಿರೋ ಒಂದು ಗ್ರಂಥಿಗೆ ತಲುಪುತ್ತೆ. ಆ ಗ್ರಂಥಿ ಎಕ್ಡೈಸೋನ್ ಬಿಡುತ್ತೆ. ಎಕ್ಡೈಸೋನ್ ಪೆಪ್ಟೈಡ್ ಅಲ್ಲ, ಕೊಬ್ಬಿನ ಜಾತಿಯದು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಕೋಶದಿಂದ ಬರೀ 25 ಮಿಲಿಗ್ರಾಂ ಹರಳು ತೆಗೆದಿದ್ದರು. ಇಷ್ಟು ಕಡಿಮೆ ಇರೋ ವಸ್ತು ಇಡೀ ಮೈಯ ಚರ್ಮಕ್ಕೆ "ಹೊಸದು ಕಟ್ಟು" ಅನ್ನುತ್ತೆ.

ಇಲ್ಲಿ ಮೂರನೆಯವನು ಒಬ್ಬ ಇದ್ದಾನೆ, ಎಳೆತನದ ಹಾರ್ಮೋನು. ಇಂಗ್ಲಿಷಿನವರು ಜುವೆನೈಲ್ ಹಾರ್ಮೋನ್ ಅಂತಾರೆ. ಮಿದುಳಿನ ಹಿಂದೆ ಇರೋ ಒಂದು ಸಣ್ಣ ಜೋಡಿ ಗ್ರಂಥಿ ಇದನ್ನ ಬಿಡುತ್ತೆ. ಆ ಗ್ರಂಥಿಯ ಲಗಾಮೂ ಮಿದುಳಿನ ಕೈಯಲ್ಲೇ. ಒಂದು ಪೆಪ್ಟೈಡ್ "ಬಿಡು" ಅನ್ನುತ್ತೆ, ಇನ್ನೊಂದು "ಸಾಕು" ಅನ್ನುತ್ತೆ. ರಕ್ತದಲ್ಲಿ ಎಳೆತನದ ಹಾರ್ಮೋನು ಇದ್ದಾಗ ಎಕ್ಡೈಸೋನ್ ಬಂದರೆ ಹುಳು ಅಂಗಿ ಬದಲಾಯಿಸಿ ಮತ್ತೆ ಹುಳುವೇ ಆಗುತ್ತೆ. ಅದು ಇಳಿದಾಗ ಎಕ್ಡೈಸೋನ್ ಬಂದರೆ ಹುಳು ಗೂಡಿನ ದಾರಿ ಹಿಡಿಯುತ್ತೆ. ನಾಲ್ಕು ಜ್ವರಕ್ಕೂ ಐದನೇ ಹಂತದ ಹಣ್ಣಿಗೂ ಇರೋ ವ್ಯತ್ಯಾಸ ಇಷ್ಟೇ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಜ್ವರ ಏಳೋದು ಇನ್ನೂ ಸೊಗಸು. ಹೊಸ ಚರ್ಮ ಸಿದ್ಧ ಆದ ಮೇಲೆ ಎಕ್ಡೈಸೋನ್ ಇಳಿಯಬೇಕು. ಇಳಿಯೋ ತನಕ ಮುಂದಿನ ಚೀಟಿ ಹೊರಡಲ್ಲ. ಇಳಿದಾಗ ಉಸಿರಾಟದ ರಂಧ್ರಗಳ ಪಕ್ಕ ಇರೋ ಇಂಕಾ ಅನ್ನೋ ಕೋಶಗಳು ಒಂದು ಪೆಪ್ಟೈಡ್ ಬಿಡ್ತವೆ. ಝಿತ್ನ್ಯಾನ್ ಮತ್ತು ಆಡಮ್ಸ್ ಮೊದಲಾದವರು 1996ರಲ್ಲಿ ತಂಬಾಕು ಹುಳುವಿನಲ್ಲಿ ಇದನ್ನ ತೋರಿಸಿದರು. ಆ ಪೆಪ್ಟೈಡ್ ಮಿದುಳನ್ನ ತಟ್ಟುತ್ತೆ, ಮಿದುಳು ಇನ್ನೊಂದು ಹಾರ್ಮೋನು ಬಿಟ್ಟು ಇಂಕಾ ಕೋಶಗಳನ್ನ ತಟ್ಟುತ್ತೆ. ಇವನು ಅವನನ್ನ ಎಬ್ಬಿಸೋದು, ಅವನು ಇವನನ್ನ ಎಬ್ಬಿಸೋದು, ಹೀಗೆ ಒಂದೇ ಹೊತ್ತಿಗೆ ಎಲ್ಲ ಚೀಟಿ ಖಾಲಿ. ಆಮೇಲೆ ಹಿಂದಕ್ಕೆ ಹೋಗೋ ಹಾಗಿಲ್ಲ. ಹುಳು ಮೈ ಹಿಂಡಿ, ಅಲೆ ಅಲೆಯಾಗಿ ಜರುಗಿ ಹಳೇ ಚರ್ಮದಿಂದ ಹೊರಗೆ ಬರುತ್ತೆ. ಮುಖವಾಡದ ಹಾಗೆ ಹಳೇ ತಲೆ ಚಿಪ್ಪು ಮುಂದಕ್ಕೆ ಉದುರುತ್ತೆ. ಕೊನೆಗೆ ಬರ್ಸಿಕಾನ್ ಅನ್ನೋ ಚೀಟಿ ಹೊಸ ಚರ್ಮವನ್ನ ಗಟ್ಟಿ ಮಾಡುತ್ತೆ, ಬಣ್ಣ ತರುತ್ತೆ. ಈಗ ತಾನೇ ಎದ್ದ ಹುಳುವಿನ ತಲೆ ದೊಡ್ಡದಾಗಿ, ಬಿಳಚಿಕೊಂಡು ಇರುತ್ತಲ್ಲ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕಂದು ಆಗಿರುತ್ತಲ್ಲ, ಅದು ಈ ಕೆಲಸ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೂತ ಮೇಲೂ ಸೊಪ್ಪು ಹಾಕಿದರೆ ಕೂತ ಹುಳು ಸೊಪ್ಪಿನ ಕೆಳಗೆ ಹೂತು ಹೋಗುತ್ತೆ. ಹಾಸಿಗೆ ಒದ್ದೆ ಆಗುತ್ತೆ. ಆ ಹೊತ್ತಿನಲ್ಲಿ ಚರ್ಮ ಬಿಡೋಕೆ ಹಾಸಿಗೆ ಒಣಗಿರಬೇಕು, ಗಾಳಿ ಆಡಬೇಕು. ಅದಕ್ಕೇ ಸುಣ್ಣ ಉದುರಿಸೋದು. ಎದ್ದಾಗ ಮೊದಲು ಎದ್ದವಕ್ಕೆ ಸೊಪ್ಪು ಹಾಕಿದರೆ ಅವು ಅರ್ಧ ದಿನ ಮುಂದೆ ಓಡ್ತವೆ. ಅವುಗಳ ರಕ್ತಕ್ಕೆ ಮೊದಲು ಸಕ್ಕರೆ, ಮೊದಲು ಬೆಳವಣಿಗೆ, ಮೊದಲು ಮುಂದಿನ ಪಿಟಿಟಿಎಚ್. ಹಿಂದುಳಿದವು ಹಿಂದೇ ಉಳೀತವೆ. ಎರಡನೇ ಜ್ವರದಲ್ಲಿ ಆರು ಗಂಟೆ ಇದ್ದ ಅಂತರ ನಾಲ್ಕನೇ ಜ್ವರಕ್ಕೆ ಒಂದು ದಿನ ಆಗುತ್ತೆ, ಚಂದ್ರಿಕೆಗೆ ಹಾಕುವಾಗ ಎರಡು ದಿನ ಆಗುತ್ತೆ. ಆಮೇಲೆ ಹಣ್ಣು ಹುಳು ಆಯೋಕೆ ಆಳು ಸಿಗಲ್ಲ ಅಂತ ಗೋಳಾಡ್ತೀವಿ. ಎಲ್ಲ ಎದ್ದ ಮೇಲೆ ಒಟ್ಟಿಗೆ ಬಡಿಸಿದರೆ ಅಷ್ಟೂ ಮಿದುಳಿನ ಗಡಿಯಾರ ಒಂದೇ ನಿಮಿಷಕ್ಕೆ ತಿರುಗಿಸಿಟ್ಟ ಹಾಗೆ. ಹಾಸಿಗೆಯಲ್ಲಿ ಜಾಗ ಕಡಿಮೆ ಮಾಡಿದರೂ ಇದೇ ಕಥೆ. ಕೆಳಗೆ ಸಿಕ್ಕಿಕೊಂಡ ಹುಳುವಿಗೆ ಹೊಟ್ಟೆ ತುಂಬಲ್ಲ. ತಂಬಾಕು ಹುಳುವಿನಲ್ಲಿ 1974ರಲ್ಲಿ ನಿಯ್‌ಹೌಟ್ ಮತ್ತು ವಿಲಿಯಮ್ಸ್ ಕಂಡುಕೊಂಡದ್ದು ಏನಂದ್ರೆ, ಕೊನೇ ಹಂತದಲ್ಲಿ ಹುಳು ಸುಮಾರು 5 ಗ್ರಾಂ ಮುಟ್ಟಿದ ಮೇಲೇ ಎಳೆತನದ ಹಾರ್ಮೋನು ಇಳಿಯೋಕೆ ಶುರುವಾಗುತ್ತೆ, ಆಮೇಲೇ ಮಿದುಳು ಪಿಟಿಟಿಎಚ್ ಬಿಡುತ್ತೆ. ಬಿಡೋದೂ ಕತ್ತಲಿನ ಹೊತ್ತು ನೋಡಿಕೊಂಡೇ. ಹುಳುವಿಗೆ ತಕ್ಕಡಿಯೂ ಇದೆ, ಗಡಿಯಾರವೂ ಇದೆ. ರಾತ್ರಿಯೆಲ್ಲ ಹುಳು ಮನೆಯ ಒಂದು ಮೂಲೆಗೆ ಮಾತ್ರ ಬಲ್ಬು ಉರಿಸಬೇಡಿ ಅಂತ ನಾನು ಹೇಳೋದು ಇದಕ್ಕೇ. ಬೆಳಕಾದರೆ ಎಲ್ಲಕ್ಕೂ ಬೆಳಕು, ಕತ್ತಲಾದರೆ ಎಲ್ಲಕ್ಕೂ ಕತ್ತಲು.

ಗಡಿಯಾರ ಮಿದುಳಿನಲ್ಲೇ ಇದೆ ಅನ್ನೋದಕ್ಕೆ 1970ರ ಒಂದು ಪ್ರಯೋಗ ಕೇಳಿ. ಅಮೆರಿಕದ ಟ್ರೂಮನ್ ಮತ್ತು ರಿಡಿಫರ್ಡ್ ಎರಡು ಜಾತಿ ಕಾಡು ರೇಷ್ಮೆ ಚಿಟ್ಟೆ ತಗೊಂಡರು. ಒಂದು ಜಾತಿ ಬೆಳಗ್ಗೆ ಕೋಶ ಒಡೆದು ಬರೋದು, ಇನ್ನೊಂದು ಸಂಜೆ ಮುಂಚೆ. ಕೋಶ ಇದ್ದಾಗಲೇ ಒಂದರ ಮಿದುಳು ತೆಗೆದು ಇನ್ನೊಂದರ ಹೊಟ್ಟೆಯಲ್ಲಿ ಇಟ್ಟರು. ತಲೆಯಲ್ಲಿ ಅಲ್ಲ, ಹೊಟ್ಟೆಯಲ್ಲಿ, ಯಾವ ನರಕ್ಕೂ ಜೋಡಿಸದೆ. ಚಿಟ್ಟೆ ಹೊರಗೆ ಬಂದದ್ದು ಮೈಯ ಜಾತಿಯ ಹೊತ್ತಿಗಲ್ಲ, ಮಿದುಳಿನ ಜಾತಿಯ ಹೊತ್ತಿಗೆ. ಮೊಟ್ಟೆ ತಯಾರಿಸೋ ಕೇಂದ್ರಗಳಲ್ಲಿ ಬೆಳಗಿನ ಜಾವವೇ ಜನ ಕೆಲಸಕ್ಕೆ ಇಳಿಯೋದು ನೋಡಿದ್ದೀರಲ್ಲ, ನಮ್ಮ ರೇಷ್ಮೆ ಚಿಟ್ಟೆಯ ಮಿದುಳಿನ ಗಡಿಯಾರ ಬೆಳಗಿನದು.

ಮೊಟ್ಟೆ ಅಂದ ಮೇಲೆ ಅದರದ್ದೇ ಒಂದು ಮಾತು. ಬೈವೋಲ್ಟೈನ್ ಮೊಟ್ಟೆಯನ್ನ ಶೀತಲಗೃಹದಲ್ಲಿ ಯಾಕೆ ಇಡ್ತಾರೆ, ಇಲ್ಲ ಆಮ್ಲದಲ್ಲಿ ಯಾಕೆ ಅದ್ದುತ್ತಾರೆ? ಬೈವೋಲ್ಟೈನ್ ತಾಯಿ ಕೋಶದಲ್ಲಿ ಇದ್ದಾಗ, ಅವಳ ಗಂಟಲ ಕೆಳಗಿನ ನರಗಂಟಿನಿಂದ 24 ಅಮೈನೋ ಆಮ್ಲದ ಒಂದು ಪೆಪ್ಟೈಡ್ ಹೊರಡುತ್ತೆ. 1951ರಲ್ಲಿ ಫುಕುದಾ ಮತ್ತು ಹಸೆಗಾವಾ ಬೇರೆ ಬೇರೆಯಾಗಿ ಇದರ ಸುಳಿವು ಹಿಡಿದರು, 1991ರಲ್ಲಿ ರಚನೆ ಗೊತ್ತಾಯ್ತು. ಇದು ಅಂಡಾಶಯಕ್ಕೆ ಹೋಗಿ ಹುಟ್ಟಲಿರೋ ಮೊಟ್ಟೆಗಳಲ್ಲಿ ಬುತ್ತಿ ತುಂಬಿಸುತ್ತೆ, ಮಲಗೋಕೆ ಹೇಳುತ್ತೆ. ಆ ಮೊಟ್ಟೆ ಇಟ್ಟ ಎರಡು ಮೂರು ದಿನಕ್ಕೆ ಕಪ್ಪು ಕಂದು ಬಣ್ಣಕ್ಕೆ ತಿರುಗಿ ನಿದ್ದೆಗೆ ಜಾರುತ್ತೆ. ಅದನ್ನ ಎಬ್ಬಿಸಬೇಕಾದರೆ ತಿಂಗಳುಗಟ್ಟಲೆ ಚಳಿ ಬೇಕು. ಇಲ್ಲ, ಮೊಟ್ಟೆ ಇಟ್ಟ ಒಂದು ದಿನದೊಳಗೆ 46 ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ ಮಲಗದ ಹಾಗೆ ತಡೀಬೇಕು.

ಇನ್ನೂ ಅಚ್ಚರಿ ಇದೆ. ತಾಯಿ ಆ ಚೀಟಿ ಬಿಡಬೇಕೋ ಬೇಡವೋ ಅನ್ನೋದು ತೀರ್ಮಾನ ಆಗೋದು ತಾಯಿ ತಾನೇ ಮೊಟ್ಟೆಯಾಗಿದ್ದಾಗ. ಆಗ ಅವಳಿಗೆ 25 ಡಿಗ್ರಿ ಮತ್ತು ಬೆಳಕು ಸಿಕ್ಕಿದರೆ ಮುಂದೆ ಮಲಗೋ ಮೊಟ್ಟೆ ಇಡ್ತಾಳೆ. 15 ಡಿಗ್ರಿ ಮತ್ತು ಕತ್ತಲೆ ಸಿಕ್ಕಿದರೆ ಮಲಗದ ಮೊಟ್ಟೆ ಇಡ್ತಾಳೆ. ತಾನು ಮೊಟ್ಟೆಯಲ್ಲಿ ಕಂಡ ಹವಾಮಾನವನ್ನ ಹುಳುವಾಗಿ, ಕೋಶವಾಗಿ, ಚಿಟ್ಟೆಯಾಗಿ ನೆನಪಿಟ್ಟುಕೊಂಡು ಮಕ್ಕಳಿಗೆ ದಾಟಿಸ್ತಾಳೆ. ನಮ್ಮ ಹಳೇ ಮೈಸೂರು ತಳಿಗೆ ಈ ನಿದ್ದೆ ಇಲ್ಲ, ವರ್ಷವೆಲ್ಲ ಒಂದರ ಹಿಂದೆ ಒಂದು ಬರ್ತಾನೇ ಇರುತ್ತೆ. ಹಳದಿ ಗೂಡಿನ ಮಿಶ್ರತಳಿಗೆ ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್-2 ಇರೋದು ನೆನಪಿದೆಯಲ್ಲ. ತಾಯಿ ಮೈಸೂರು ತಳಿ ಆಗಿರೋದರಿಂದ ಆ ಮೊಟ್ಟೆ ಮಲಗಲ್ಲ, ಆಮ್ಲ ಬೇಡ, ಹತ್ತು ದಿನದ ಆಸುಪಾಸಿನಲ್ಲಿ ಮರಿ. ತಿರುಗಾಮುರುಗಾ ಮಾಡಿದರೆ ನಡೆಯಲ್ಲ. ಮಲಗೋದು ಬಿಡೋದು ತಾಯಿಯ ಕಡೆಯ ಲೆಕ್ಕ. ಮಾಗಡಿ, ಕುಣಿಗಲ್ ಕಡೆ ಶುದ್ಧ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯೋರನ್ನ ಉಳಿಸಿಕೊಳ್ಳದೆ ಹೋದರೆ ನಮಗೆ ಹಳದಿ ಗೂಡಿನ ಮೊಟ್ಟೆಯೇ ಇಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ.

ತರಕಾರಿ ಮಾಡೋರಿಗೂ ಇದರಲ್ಲಿ ಪಾಲಿದೆ. ನೀವು ಟೊಮೆಟೊ ತೋಟದಲ್ಲಿ ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟುತ್ತೀರಲ್ಲ, ಆ ಬಲೆಯಲ್ಲಿರೋ ವಾಸನೆ ಹೆಣ್ಣು ಚಿಟ್ಟೆಯದು. ಹೆಣ್ಣು ಯಾವಾಗಂದ್ರೆ ಆವಾಗ ಆ ವಾಸನೆ ಮಾಡಲ್ಲ, ತಲೆಯಿಂದ ಚೀಟಿ ಬರಬೇಕು. 33 ಅಮೈನೋ ಆಮ್ಲದ ಆ ಪೆಪ್ಟೈಡಿಗೆ ಪಿಬ್ಯಾನ್ ಅಂತ ಹೆಸರು. 1989ರಲ್ಲಿ ಅಮೆರಿಕದಲ್ಲಿ ಅಶೋಕ್ ರೈನಾ ಮತ್ತು ಸಂಗಡಿಗರು ಇದರ ರಚನೆ ಓದಿದ್ದು ಮುಸುಕಿನ ಜೋಳದ ತೆನೆ ಕೊರೆಯೋ ಹುಳುವಿನಲ್ಲಿ. ಅದು ನಮ್ಮ ಕಾಯಿಕೊರಕದ ದಾಯಾದಿ. ರೇಷ್ಮೆ ಚಿಟ್ಟೆಯಲ್ಲೂ ಇದೇ ಇದೆ. ಅದರಲ್ಲಿ ಮೊಟ್ಟೆ ಮಲಗಿಸೋ ಚೀಟಿ, ಗಂಡನ್ನ ಕರೆಯೋ ಚೀಟಿ ಎರಡೂ ಒಂದೇ ವಂಶವಾಹಿಯಿಂದ ಬರ್ತವೆ. ಒಂದೇ ಉದ್ದನೆಯ ಪ್ರೋಟೀನು ತಯಾರಾಗಿ, ಆಮೇಲೆ ತುಂಡಾಗುತ್ತೆ. ಒಂದೇ ಅವರೆಕಾಯಿ ಬಿಡಿಸಿದಾಗ ಒಂದೊಂದು ಕಾಳು ಒಂದೊಂದು ಅಡುಗೆಗೆ ಹೋದ ಹಾಗೆ.

ಇಷ್ಟೆಲ್ಲ ಗೊತ್ತಿದ್ದ ಮೇಲೆ ಈ ಪೆಪ್ಟೈಡನ್ನೇ ಡಬ್ಬದಲ್ಲಿ ತುಂಬಿ ಕೀಟಕ್ಕೆ ಹೊಡೆಯಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ಕಷ್ಟ ಇರೋದು ಅಲ್ಲೇ. ಪೆಪ್ಟೈಡ್ ಅಂದ್ರೆ ಪ್ರೋಟೀನಿನ ತುಂಡು. ಕೀಟ ತಿಂದರೆ ಬೇಳೆ ಜೀರ್ಣ ಆದ ಹಾಗೆ ಹೊಟ್ಟೆಯಲ್ಲೇ ಜೀರ್ಣ ಆಗುತ್ತೆ. ಮೈ ಮೇಲೆ ಬಿದ್ದರೆ ಮೇಣದ ಚರ್ಮ ದಾಟಲ್ಲ. ಅದಕ್ಕೇ ಔಷಧಿ ಮಾಡೋರು ಮಿದುಳಿನ ಚೀಟಿ ಬಿಟ್ಟು, ಅದರ ಕೆಳಗಿನ ಎರಡು ಹಾರ್ಮೋನುಗಳ ನಕಲು ಮಾಡಿದರು, ಎಕ್ಡೈಸೋನಿನದ್ದು ಒಂದು, ಎಳೆತನದ ಹಾರ್ಮೋನಿನದ್ದು ಒಂದು. ಇವು ಚರ್ಮವನ್ನೂ ದಾಟ್ತವೆ, ಹೊಟ್ಟೆಯಲ್ಲೂ ಉಳೀತವೆ. ಬಿಳಿ ನೊಣಕ್ಕೆ ಸಿಗೋ ಪೈರಿಪ್ರಾಕ್ಸಿಫೆನ್ ಎಳೆತನದ ಹಾರ್ಮೋನಿನ ನಕಲು. ನೊವಾಲ್ಯುರಾನ್, ಲುಫೆನ್ಯುರಾನ್, ಬುಪ್ರೊಫೆಜಿನ್ ಹಾರ್ಮೋನಲ್ಲ, ಹೊಸ ಚರ್ಮ ಕಟ್ಟೋ ಕೆಲಸವನ್ನೇ ಕೆಡಿಸ್ತವೆ. ಮನುಷ್ಯರಿಗೆ, ದನಕ್ಕೆ ಇವುಗಳ ವಿಷ ಕಡಿಮೆ, ಅದು ಒಳ್ಳೇ ಮಾತೇ. ಆದರೆ ರೇಷ್ಮೆ ಹುಳುವೂ ಕೀಟವೇ ತಾನೇ? ಅದರ ಮಿದುಳಿಗೆ ಇದು ಬದನೆ ತೋಟದ ಔಷಧಿ, ನನಗಲ್ಲ ಅಂತ ಗೊತ್ತಾಗುತ್ತಾ?

ಎರಡು ವರ್ಷದ ಕೆಳಗೆ ನಮ್ಮ ಹೋಬಳಿಯಲ್ಲೇ ಒಂದು ಮನೆಯಲ್ಲಿ 200 ಮೊಟ್ಟೆ ಬೈವೋಲ್ಟೈನ್ ಹುಳು ಇತ್ತು. ನಾಲ್ಕನೇ ಜ್ವರ ಚೆನ್ನಾಗಿ ಎದ್ದಿತ್ತು. ಐದನೇ ಹಂತದ ಏಳನೇ ದಿನ ಹೋದಾಗ ಆ ಮನೆಯ ಅಕ್ಕ ಖುಷಿಯಾಗಿದ್ದರು. "ನೋಡಣ್ಣ, ಹುಳು ಬೆರಳು ಗಾತ್ರ ಆಗವೆ, ಈ ಸಲ ಗೂಡು ಭಾರ ಬರ್ತದೆ" ಅಂದರು. ಎಂಟನೇ ದಿನ ಚಂದ್ರಿಕೆ ತೊಳೆದು ಇಟ್ಟರು. ಒಂಬತ್ತು, ಹತ್ತು ಆಯ್ತು, ಹುಳು ಮೇಯ್ತಾನೇ ಇದೆ. ತೋಟದ ಸೊಪ್ಪು ಮುಗೀತು. ದುಡ್ಡು ಕೊಟ್ಟು ಹೊರಗಿಂದ ಸೊಪ್ಪು ತಂದರು. ಹನ್ನೆರಡನೇ ದಿನವೂ ಮೈ ಪಾರದರ್ಶಕ ಆಗಲಿಲ್ಲ, ಹುಳು ತಲೆ ಎತ್ತಿ ಜಾಗ ಹುಡುಕಲಿಲ್ಲ. ಕೆಲವು ಅಲ್ಲಲ್ಲಿ ಒಂದಿಷ್ಟು ನೂಲು ಬಿಟ್ಟು ಕೂತವು. ಉಳಿದವು ಹಾಸಿಗೆಯಲ್ಲೇ ಕಪ್ಪಾದವು. ಹಾಲುತೊಂಡೆಯೂ ಅಲ್ಲ, ಸಪ್ಪೆ ರೋಗವೂ ಅಲ್ಲ, ಸುಣ್ಣಕಟ್ಟೂ ಅಲ್ಲ. ಅವರ ಹಿಪ್ಪುನೇರಳೆ ತೋಟದ ಬದುವಿಗೆ ಅಂಟಿಕೊಂಡೇ ಬದನೆ ಇತ್ತು, ಅದಕ್ಕೆ ಬಿಳಿ ನೊಣಕ್ಕೆ ಅಂತ ಪೈರಿಪ್ರಾಕ್ಸಿಫೆನ್ ಹೊಡೆದಿದ್ದರು. ಯಾವ ಪ್ರಯೋಗಾಲಯಕ್ಕೂ ಸೊಪ್ಪು ಕಳಿಸಿ ಪರೀಕ್ಷೆ ಮಾಡಿಸಲಿಲ್ಲ, ಹಾಗಾಗಿ ಅದೇ ಕಾರಣ ಅಂತ ನಾನು ಮೊಹರು ಒತ್ತಲ್ಲ. ಆದರೆ ಲಕ್ಷಣ ಒಂದಕ್ಕೊಂದು ಕೂಡುತ್ತೆ.

ಯಾಕೆ ಕೂಡುತ್ತೆ ಅಂದ್ರೆ, ಮೇಲೆ ನೆನಪಿಟ್ಟುಕೊಳ್ಳಿ ಅಂದ ಮಾತು ನೋಡಿ. ಐದನೇ ಹಂತದಲ್ಲಿ ಎಳೆತನದ ಹಾರ್ಮೋನು ಇಳಿದರೆ ಮಾತ್ರ ಮಿದುಳು ಪಿಟಿಟಿಎಚ್ ಚೀಟಿ ಬಿಡುತ್ತೆ, ಆ ಚೀಟಿಯಿಂದ ಎಕ್ಡೈಸೋನ್ ಬಂದು ಹುಳು ಮೇವು ಬಿಟ್ಟು, ಹೊಟ್ಟೆ ಖಾಲಿ ಮಾಡಿಕೊಂಡು, ನೂಲು ಬಿಡೋಕೆ ಹೊರಡುತ್ತೆ. ನಕಲು ಹಾರ್ಮೋನು ಸೊಪ್ಪಿನ ಜೊತೆ ಒಳಗೆ ಹೋದರೆ ಮಿದುಳಿಗೆ ಇನ್ನೂ ಎಳೆತನ ಇದೆ ಅನ್ನಿಸುತ್ತೆ. ಚೀಟಿ ಹೊರಡಲ್ಲ. ಹುಳು ಮೇಯ್ತಾ ಇರುತ್ತೆ, ದಪ್ಪ ಆಗ್ತಾ ಇರುತ್ತೆ. ಇಟಲಿಯ ಉತ್ತರ ಭಾಗದಲ್ಲಿ 1980ರ ದಶಕದ ಕೊನೆಯಿಂದ ಇದೇ ಆಯ್ತು. ಹಣ್ಣಿನ ತೋಟಗಳಿಗೆ ಫೆನಾಕ್ಸಿಕಾರ್ಬ್ ಅನ್ನೋ ಇದೇ ಜಾತಿಯ ಔಷಧಿ ಹೊಡೆದರು. ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಮೇಲೆ ಕೂತ ಅತಿ ಸಣ್ಣ ಪ್ರಮಾಣಕ್ಕೇ ಹುಳು ಗೂಡು ಕಟ್ಟೋದು ನಿಲ್ಲಿಸಿತು. ನೂರಾರು ವರ್ಷದ ರೇಷ್ಮೆ ಕಸುಬು ಅಲ್ಲಿ ಮೊದಲೇ ಸೊರಗಿತ್ತು, ಇದರಿಂದ ಇನ್ನೂ ನೆಲಕ್ಕೆ ಬಿತ್ತು.

ನಾವು ಮಾಡೋ ಸಾಮಾನ್ಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರಲ್ಲ ಅನ್ನೋದೇ ದೊಡ್ಡ ಭಯ. ಸೊಪ್ಪಿನ ಮೇಲೆ ಅನುಮಾನ ಬಂದರೆ ಐವತ್ತು ಹುಳುವಿಗೆ ಹಾಕಿ ನೋಡ್ತೀವಿ. ಬೇರೆ ವಿಷ ಆದ್ರೆ ಅವತ್ತೇ ಹುಳು ವಾಂತಿ ಮಾಡಿ, ಮೈ ತಿರುಚಿ ತೋರಿಸಿಬಿಡುತ್ತೆ. ಈ ಜಾತಿಯದು ಹಾಗೆ ತೋರಿಸಲ್ಲ. ಹುಳು ಆರೋಗ್ಯವಾಗೇ ಇರುತ್ತೆ, ಸೊಪ್ಪೆಲ್ಲ ತಿಂದು ಮುಗಿಸುತ್ತೆ. ಗೊತ್ತಾಗೋದು ಚಂದ್ರಿಕೆ ಮುಂದೆ ನಿಂತಾಗ. ಚರ್ಮ ಕೆಡಿಸೋ ಔಷಧಿ ಆದ್ರೆ ಮುಂದಿನ ಜ್ವರದಲ್ಲಿ, ಹುಳು ಹಳೇ ಅಂಗಿಯಲ್ಲೇ ಸಿಕ್ಕಿ ಸತ್ತಾಗ.

"ಸಂಪೂರ್ಣ" ಬಳಸೋರಿಗೂ ಒಂದು ಮಾತು. ಅದು ಗಿಡದಿಂದ ತೆಗೆದ ಎಕ್ಡೈಸೋನ್ ಜಾತಿಯದು, ಅಂದ್ರೆ ಮಿದುಳಿನ ಚೀಟಿ ಕಾಯದೆ ನಾವೇ ಗ್ರಂಥಿಯ ಕೆಲಸ ಮಾಡಿಕೊಟ್ಟ ಹಾಗೆ. ನೂರಕ್ಕೆ ಐದೋ ಹತ್ತೋ ಹುಳು ತಾನಾಗೇ ಹಣ್ಣಾದ ಮೇಲೆ ಹಾಕಿದರೆ ಉಳಿದವೂ ಒಟ್ಟಿಗೆ ಏರ್ತವೆ. ಆಳು ಸಿಗಲ್ಲ ಅಂತ ಒಂದು ದಿನ ಮುಂಚೆ ಹಾಕಿದರೆ ಹುಳು ಏರೋದು ನಿಜ, ಆದರೆ ಕೊನೇ ದಿನದ ಮೇವು ರೇಷ್ಮೆ ಆಗೋದು ತಪ್ಪುತ್ತೆ. ಗೂಡು ಹಗುರ ಬರುತ್ತೆ.

ಈಗ ನನ್ನ ಬೇಡಿಕೆ. ಬದನೆ ಇಟ್ಟವರು ಔಷಧಿ ಹೊಡೆಯಬಾರದು ಅಂತ ಹೇಳೋಕೆ ನಾನು ಯಾರು? ಬಿಳಿ ನೊಣ ಅವರ ಹೊಟ್ಟೆ ಮೇಲೆ ಹೊಡೀತಿದೆ. ಆ ದಿನ ಹೊಡೆದ ತಮ್ಮನಿಗೆ ಬದುವಿನ ಆಚೆ ಹೀಗಾಗುತ್ತೆ ಅಂತ ಗೊತ್ತಿರಲೇ ಇಲ್ಲ, ಗೊತ್ತಾದ ಮೇಲೆ ಅವನೇ ಆ ಅಕ್ಕನ ಮನೆಗೆ ಬಂದು ಕೂತು ಹೋದ. ಹಿಪ್ಪುನೇರಳೆ ಪಕ್ಕ ಇರೋ ಹೊಲಕ್ಕೆ ಡಬ್ಬ ಕೊಳ್ಳುವಾಗ ಬ್ರಾಂಡಿನ ಹೆಸರಲ್ಲ, ಕೆಳಗೆ ಸಣ್ಣ ಅಕ್ಷರದಲ್ಲಿರೋ ರಾಸಾಯನಿಕದ ಹೆಸರು ಓದಿ. ಪೈರಿಪ್ರಾಕ್ಸಿಫೆನ್, ನೊವಾಲ್ಯುರಾನ್, ಲುಫೆನ್ಯುರಾನ್, ಬುಪ್ರೊಫೆಜಿನ್ ಇದ್ದರೆ, ಎರಡು ಔಷಧಿ ಕೂಡಿಸಿದ ಡಬ್ಬದಲ್ಲಿ ಇವುಗಳಲ್ಲಿ ಒಂದಿದ್ದರೂ, ಅಂಗಡಿಯವರ ಹತ್ತಿರ ಬೇರೆ ಕೇಳಿ. ಬೇರೆ ಔಷಧಿಯೂ ಹುಳುವಿಗೆ ವಿಷವೇ, ಆದರೆ ಅದು ಹಾಸಿಗೆ ತುಂಬ ಸೊಪ್ಪು ಹಾಕೋ ಮೊದಲೇ ಗೊತ್ತಾಗುತ್ತೆ. ಯಾವುದೇ ಹೊಡೆಯಲಿ, ಹಿಂದಿನ ದಿನ ಒಂದು ಫೋನ್ ಮಾಡಿ. ನಾವು ಬದುವಿನ ಸಾಲುಗಳ ಸೊಪ್ಪು ಮೊದಲೇ ಕಟಾವು ಮಾಡಿಕೊಳ್ತೀವಿ, ಆಮೇಲೆ ಆ ಸಾಲು ಮುಟ್ಟಲ್ಲ. ಗಾಳಿ ನಮ್ಮ ಕಡೆ ಬೀಸೋ ಹೊತ್ತು ಬಿಟ್ಟು ಹೊಡೆಯಿರಿ.

ರೇಷ್ಮೆಯವರೂ ಸುಮ್ಮನೆ ಕೂರೋ ಹಾಗಿಲ್ಲ. ಬದುವಿನ ಎರಡು ಮೂರು ಸಾಲಿನ ಸೊಪ್ಪನ್ನ ಐದನೇ ಹಂತಕ್ಕೆ ಮುಟ್ಟಬೇಡಿ, ದನಕ್ಕೆ ಹಾಕಿ. ಪಕ್ಕದವರಿಗೆ ಚಾಕಿ ತಂದ ದಿನವೇ ತಾರೀಖು ಹೇಳಿ, ಯಾವ ದಿನದಿಂದ ಯಾವ ದಿನದ ತನಕ ನಮ್ಮ ಹುಳು ಮೇಯುತ್ತೆ ಅಂತ ಅವರಿಗೂ ಲೆಕ್ಕ ಸಿಗಲಿ. 100 ಮೊಟ್ಟೆ ಬ್ಯಾಚಿನಲ್ಲಿ ಹುಳು ನಲವತ್ತು ಸಾವಿರದ ಮೇಲೆ. ಅಷ್ಟಕ್ಕೂ ಮನೆಯವರು ರಾತ್ರಿ ಎದ್ದು ಸೊಪ್ಪು ಹಾಕಿರ್ತಾರೆ.

ನಮ್ಮ ಬ್ಯಾಚು ಈ ಗುರುವಾರ ನಾಲ್ಕನೇ ಜ್ವರಕ್ಕೆ ಕೂರುತ್ತೆ, ಎದ್ದ ಮೇಲೆ ಎಂಟು ದಿನ ಐದನೇ ಹಂತ. ಕೆರೆ ಕೆಳಗಿನ ಹೊಲದವರು ಆ ದಿನಗಳಲ್ಲಿ ಪಂಪು ಎತ್ತೋದಿದ್ದರೆ ದಯವಿಟ್ಟು ಒಂದು ಮಾತು ಹೇಳಿ. ರಾತ್ರಿ ಹತ್ತರ ತನಕ ಹುಳು ಮನೆಯಲ್ಲೇ ಇರ್ತೀನಿ.